ವಾಲ್ವ್ ಅಂಗಡಿಯವರು ಕೇಳಿಸಿಕೊಂಡ ಸದ್ದು

ಆಂಪ್ಲಿಫೈಯರ್ ಬಿಚ್ಚಿ ಮುಂದಿಟ್ಟುಕೊಂಡರೆ ಅವರ ಎಡಗೈ ತಾನಾಗಿ ಪ್ಯಾಂಟಿನ ಜೇಬಿಗೆ ಹೋಗುತ್ತಿತ್ತು. ಬಲಗೈಯೊಂದರಲ್ಲೇ ಕೆಲಸ. ಎಡ ಅಂಗೈಯಲ್ಲಿ ಬೆಳ್ಳಗಿನ ಸುಟ್ಟ ಕಲೆಯಿತ್ತು. ಎರಡೂ ಕೈ ತಗುಲಿದರೆ ಕರೆಂಟು ಎದೆಯ ಮೂಲಕ ಹಾಯುತ್ತದೆಂದು ಆ ಕಲೆ ಬಿದ್ದ ದಿನ ಕಲಿತರಂತೆ. "ಒಂದ್ಸಲ ಬಿಟ್ಟಿದೆ. ಇನ್ನೊಂದ್ಸಲ ಬಿಡತ್ತೆ ಅಂತ ಏನ್ ಗ್ಯಾರಂಟಿ?" ಎನ್ನುತ್ತಿದ್ದರು.

ಚಾಮರಾಜಪೇಟೆಯ ಅಡ್ಡರಸ್ತೆಯೊಂದರಲ್ಲಿ, ಮನೆಯ ಮುಂದಿನ ಕೋಣೆಯೇ ಅವರ ವಾಲ್ವ್ ಅಂಗಡಿ. ವಾಲ್ವ್ ಎಂದರೆ ಹಳೆಯ ರೇಡಿಯೋಗಳೊಳಗೆ ಕೆಂಪಗೆ ಉರಿಯುತ್ತಿದ್ದವಲ್ಲ, ಆ ಗಾಜಿನ ಬುರುಡೆಗಳು. ಅವನ್ನು ಹಾಕಿದ ಆಂಪ್ಲಿಫೈಯರಿನಲ್ಲೇ ಸಂಗೀತ ಕೇಳಬೇಕೆಂಬ ಹುಚ್ಚು ನನ್ನಂಥ ಕೆಲವರಿಗೆ ಈಗಲೂ ಇದೆ. ಶನಿವಾರ ಕಾಲೇಜಿನಲ್ಲಿ ಪಾಠ ಮುಗಿಸಿಕೊಂಡು ಬಸವನಗುಡಿಯಿಂದ ನೇರ ಅಲ್ಲಿಗೆ ಹೋಗುತ್ತಿದ್ದೆ.

ಅದರ ನಾದ ಕೇಳಿ ನೋಡದೆ ಕೊಳ್ಳಲು ಅವರು ಬಿಡುತ್ತಿರಲಿಲ್ಲ. ಒಂದೊಂದೇ ವಾಲ್ವ್ ಸಿಕ್ಕಿಸಿ, ಬಿಸಿಯಾಗುವವರೆಗೆ ಸುಮ್ಮನಿದ್ದು, ಅದೇ ವೀಣೆಯ ರೆಕಾರ್ಡನ್ನು ಮತ್ತೆ ಮತ್ತೆ ಹಾಕುತ್ತಿದ್ದರು. ಗಾಜಿನ ಮೇಲಿನ ಕಂಪನಿಯ ಹೆಸರು ಓದಲು ನಾನು ಬಗ್ಗಿದರೆ ರೇಗುತ್ತಿದ್ದರು. "ಅದನ್ನ ನೋಡ್ಬೇಡಿ ಮೇಡಂ. ಒಂದು ಹೆಸರು ಅಳಿಸಿ ಇನ್ನೊಂದು ಹಾಕೋರು ಬೇಕಾದಷ್ಟು ಜನ ಇದಾರೆ. ಕಣ್ಣು ಮುಚ್ಕೊಂಡು ಕೇಳಿ." ಯಾರನ್ನೂ ನಂಬದ ಮನುಷ್ಯ. ನನ್ನನ್ನೂ ನಂಬುತ್ತಿರಲಿಲ್ಲ, ಕಪಾಟಿನ ಹತ್ತಿರ ಹೋದರೆ ನನ್ನ ಕೈಯನ್ನೇ ನೋಡುತ್ತಿದ್ದರು. ಆದರೂ ಒಳಗಿಂದ ಅವರ ಹೆಂಡತಿ ಕಾಫಿ ತಂದಾಗ ದೊಡ್ಡ ಲೋಟವನ್ನು ನನ್ನ ಕಡೆಗೇ ಸರಿಸುತ್ತಿದ್ದರು.

ಹೋದ ವರ್ಷ ಪಕ್ಕದ ಮನೆ ಮಾರಾಟವಾಯಿತು. ಅದನ್ನು ಕೆಡವಿ, ಕಾರು ನಿಲ್ಲಿಸಲು ನೆಲದಡಿ ಜಾಗ ಬೇಕೆಂದು ಆಳಕ್ಕೆ ಅಗೆಯತೊಡಗಿದರು. ಕಪಾಟಿನಲ್ಲಿ ವಾಲ್ವ್‌ಗಳು ದಿನವಿಡೀ ಒಂದಕ್ಕೊಂದು ತಾಗಿ ಕಿಣಿಕಿಣಿ ಎನ್ನುತ್ತಿದ್ದವು. ಆ ಕಡೆಯ ಗೋಡೆಯಲ್ಲಿ ಬಿರುಕು ಮೂಡಿತು. ಅದು ಅಗಲವಾಗುತ್ತಿದೆಯೇ ಎಂದು ತಿಳಿಯಲು ಬಿರುಕಿಗೆ ಅಡ್ಡಲಾಗಿ ಅವರು ಕಾಗದದ ಚೂರು ಅಂಟಿಸಿದರು. ಮುಂದಿನ ಶನಿವಾರ ಹೋದಾಗ ಅದು ಹರಿದಿತ್ತು. ಕಂಟ್ರಾಕ್ಟರ್ ಬಂದು ನೋಡಿ, "ಹಳೇ ಗಾರೆ ಸಾರ್, ಬಿರುಕು ಬಿಡತ್ತೆ. ಕೆಲಸ ಮುಗೀಲಿ, ನಾನೇ ಬಳಿಸಿಕೊಡ್ತೀನಿ," ಎಂದು ಹೋದ. ಪಾಲಿಕೆಗೆ ದೂರು ಕೊಟ್ಟರೂ ಯಾರೂ ಬರಲಿಲ್ಲ.

"ನನ್ನ ತಮ್ಮನ ಮನೆಗೆ ಹೋಗ್ಬಿಡೋಣ ರೀ," ಎಂದು ಹೆಂಡತಿ ಹೇಳುತ್ತಲೇ ಇದ್ದರು.

"ಇಷ್ಟು ಗಾಜು ಎತ್ಕೊಂಡು ಎಲ್ಲಿಗೆ ಹೋಗ್ಲಿ?" ಎನ್ನುತ್ತಿದ್ದರು ಇವರು.

ಒಂದು ಮಧ್ಯಾಹ್ನ ನನಗೊಂದು ವಾಲ್ವ್ ಕೇಳಿಸುತ್ತಿದ್ದರು. ವೀಣೆಯ ಹಿಂದೆ 'ದುಂ' ಎಂಬ ಸದ್ದು ಬಂತು. "ಇದಕ್ಕೆ ದೋಷ ಇದೆ. ಸುತ್ತ ಏನು ಅದುರಿದ್ರೂ ಮೈಕ್ ಥರ ಹಿಡ್ಕೊಳತ್ತೆ," ಎಂದು ಸ್ವಿಚ್ಚಿಗೆ ಕೈ ಚಾಚಿದವರು ಹಾಗೇ ನಿಂತರು. ರೆಕಾರ್ಡಿನ ಮುಳ್ಳು ಎತ್ತಿದರು. ವೀಣೆ ನಿಂತಿತು. ಸ್ವಲ್ಪ ಹೊತ್ತಿಗೆ ಸ್ಪೀಕರಿನಿಂದ ಮತ್ತೆ, ದುಂ.

"ಪಕ್ಕದಲ್ಲಿ ಅಗೆಯೋ ಮಷೀನ್ ನಿಂತಿದೆ ಅಲ್ವಾ?"

ನಿಂತಿತ್ತು. ಕೆಲಸದವರ ಊಟದ ಹೊತ್ತು. ಅವರು ತಿರುಗಿ ಗೋಡೆಯ ಬಿರುಕನ್ನು ನೋಡಿದರು.

"ಅವಳು ಒಳಗೆ ಮಲಗಿದಾಳೆ. ಎಬ್ಬಿಸ್ಕೊಂಡು ರಸ್ತೆಗೆ ಹೋಗ್ಬಿಡಿ," ಎಂದವರೇ ಹೊರಗೆ ಓಡಿದರು.

ನಾನು ಅವರ ಹೆಂಡತಿಯ ಕೈ ಹಿಡಿದು ಹೊರಗೆ ಬರುವಾಗ ಅವರು ಗುಂಡಿಯ ಏಣಿ ಇಳಿಯುತ್ತಿದ್ದರು. ಕೆಲಸದವರು ಗುಂಡಿಯ ತಳದಲ್ಲಿ, ಇವರ ಮನೆಯ ಗೋಡೆಯ ನೆರಳಿನಲ್ಲಿ ಊಟಕ್ಕೆ ಕೂತಿದ್ದರು. ಕನ್ನಡ ಬಾರದ ಜನ. ಇವರು ಗೋಡೆಯತ್ತ ಕೈ ತೋರಿಸಿದರು, ಬೈದರು, ಕೊನೆಗೆ ಒಬ್ಬಳ ಊಟದ ಡಬ್ಬಿಯನ್ನು ಒದ್ದರು. ಎಲ್ಲರೂ ಸಿಟ್ಟಿನಿಂದ ಅವರನ್ನು ಅಟ್ಟಿಸಿಕೊಂಡು ಮೇಲೆ ಹತ್ತಿದರು. ರಸ್ತೆಯಲ್ಲಿ ಒಬ್ಬ ಅವರ ಕೊರಳಪಟ್ಟಿ ಹಿಡಿದ. ಅವನು ಅದನ್ನು ಬಿಡುವ ಮೊದಲೇ ಗೋಡೆ ಗುಂಡಿಯ ಕಡೆಗೆ ಬಾಗಿತು. ನಾನು ಕೂತಿದ್ದ ಕುರ್ಚಿ, ಕಪಾಟು, ಜೀವಮಾನವಿಡೀ ಕೂಡಿಟ್ಟ ಗಾಜು, ಎಲ್ಲ ಅದರ ಜೊತೆಗೇ ಇಳಿದುಹೋಯಿತು. ಧೂಳು ತಗ್ಗಿದ ಮೇಲೂ ಒಳಗೆಲ್ಲೋ ಒಂದೊಂದಾಗಿ ವಾಲ್ವ್ ಒಡೆಯುತ್ತಿತ್ತು.

ಗಂಡ ಹೆಂಡತಿ ಶೇಷಾದ್ರಿಪುರದಲ್ಲಿದ್ದ ಆಕೆಯ ತಮ್ಮನ ಮನೆ ಸೇರಿದರು. ಅವರಿಗೆ ಸಮಾಧಾನವಾಗಲೆಂದು ನನ್ನ ಆಂಪ್ಲಿಫೈಯರನ್ನೇ ಆಟೋದಲ್ಲಿ ಒಯ್ದೆ.

"ಬೇಡ ಮೇಡಂ," ಎಂದರು. "ನಂಗೀಗ ಹಾಡು ಕೇಳೋಕಾಗಲ್ಲ. ಅದರ ಹಿಂದೆ ಇನ್ನೇನಿದೆ ಅಂತ ಕೇಳ್ತಾ ಕೂತಿರ್ತೀನಿ."

ದಿನವೂ ಆ ಮನೆಯ ಗೋಡೆಗಳಿಗೆ ಕಿವಿಯಿಟ್ಟು ನೋಡುತ್ತಿದ್ದರಂತೆ. ಊಟ ಕಡಿಮೆಯಾಯಿತು, ಮಾತು ನಿಂತಿತು. ಒಂದು ಬೆಳಿಗ್ಗೆ ಏಳಲಿಲ್ಲ.

ವೈಕುಂಠ ಸಮಾರಾಧನೆಗೆ ಹೋದಾಗ ಆ ಮನೆಯ ಪಕ್ಕದ ಸೈಟಿಗೆ ತಗಡಿನ ಬೇಲಿ ಹಾಕಿದ್ದರು. ಒಳಗೆ ಅಗೆಯುವ ಯಂತ್ರ ನಿಂತಿತ್ತು. "ಇದು ಪಿಲ್ಲರ್ ಮನೆ, ಏನೂ ಆಗಲ್ಲ," ಎಂದರು ಆಕೆಯ ತಮ್ಮ, ನಾನು ಕೇಳುವ ಮೊದಲೇ. ಆಕೆ ಅಡುಗೆಮನೆಯ ಗೋಡೆಗೆ ಅಂಗೈ ಒತ್ತಿ ನಿಂತಿದ್ದರು.

"ನಮ್ಮನೇಗೆ ಬನ್ನಿ," ಎಂದೆ.

"ಎಷ್ಟು ದಿನಕ್ಕಮ್ಮ?"

"ಬಂದು ಇದ್ಬಿಡಿ."

ಆಕೆ ಗೋಡೆಯಿಂದ ಕೈ ತೆಗೆದು, ಸೀರೆಗಳನ್ನು ಮಡಿಸಲು ಒಳಗೆ ಹೋದರು.