ಕಪ್ಪು ಪುಟದ ಜಾಹೀರಾತು

ಇವತ್ತು ಬೆಳಿಗ್ಗೆ ಪ್ರಿಂಟರಿನಿಂದ ಇಳಿದ ಹೊಸ ಫ್ಲೆಕ್ಸಿನ ವಾಸನೆ ಮೂಗಿಗೆ ಬಡಿಯಿತು. ಕಪ್ಪು ಹಿನ್ನೆಲೆ, ನಡುವೆ ಯಾರೋ ಅಜ್ಜನ ಫೋಟೋ, ಕೆಳಗೆ ಭಾವಪೂರ್ಣ ಶ್ರದ್ಧಾಂಜಲಿ. ಅಂಥದ್ದನ್ನು ನೋಡಿ ನಗಬಾರದು, ನನಗೂ ಗೊತ್ತು. ಆದರೆ ರಂಗಪ್ಪ ಮಾವ ನೆನಪಾಗಿಬಿಟ್ಟರು. ಅಜ್ಜನ ಮನೆಯವರಿಗೆ ನಗು ಕಾಣದಂತೆ ಕೆಮ್ಮಿ, ಫ್ಲೆಕ್ಸ್ ಸುತ್ತಿಕೊಟ್ಟು ಕಳಿಸಿದೆ.

ದೊಡ್ಡಬಳ್ಳಾಪುರದಲ್ಲಿ ನನ್ನದೊಂದು ಫ್ಲೆಕ್ಸ್ ಅಂಗಡಿ. ನೀವು ಬಸ್‌ಸ್ಟ್ಯಾಂಡಿನ ಕಡೆ ಬಂದಿದ್ದರೆ ನನ್ನ ಕಲೆಯಿಂದ ತಪ್ಪಿಸಿಕೊಂಡಿರಲಾರಿರಿ. ಕೂಲಿಂಗ್ ಗ್ಲಾಸ್ ತೊಟ್ಟ ಹುಟ್ಟುಹಬ್ಬದ ಹೀರೋ, ತಲೆಯ ಹಿಂದೆ ಸೂರ್ಯಕಿರಣ, ಕೆಳಗೆ ಶುಭ ಕೋರುವವರ ಸಾಲುಸಾಲು ಮುಖ. ಒಂದು ಮುಖ ಬಿಟ್ಟುಹೋದರೂ ಎರಡು ಮನೆಗಳ ನಡುವೆ ಮಾತು ನಿಲ್ಲುತ್ತದೆ. ಹಾಗಾಗಿ ಖಾಲಿ ಜಾಗ ಕಂಡರೆ ನನಗೆ ಕೈ ಕಡಿಯುತ್ತದೆ.

ರಂಗಪ್ಪ ಮಾವನ ಮಗ ಮಂಜ ನನ್ನ ಗೆಳೆಯ. ಯಾವ ಕಂಪನಿಯ ಹಂಗೂ ಇಲ್ಲದೆ ತಾನೇ ಹಾಡಿ ಒಂದು ಇಂಡೀ ಆಲ್ಬಮ್ ಮಾಡಿದ. ಮನೆಯ ಹಿಂದಿನ ಕೋಣೆಯೇ ಸ್ಟುಡಿಯೋ, ಪಕ್ಕದಲ್ಲೇ ಮಾವನ ಪವರ್‌ಲೂಮು. ರೆಕಾರ್ಡಿಂಗಿಗೆ ಸ್ವಲ್ಪ ಹೊತ್ತು ನಿಲ್ಲಿಸಿ ಎಂದರೆ, "ಮಗ್ಗ ನಿಲ್ಸಿ ಕೂತ್ರೆ ಸೀರೆ ನಿನ್ ಹಾಡು ನೇಯ್ತದೇನೋ?" ಎಂದರು. ಎಲ್ಲ ಹಾಡಿನಲ್ಲೂ ಮಗ್ಗದ ಟಕಟಕ ಸೇರಿಕೊಂಡಿತು. ಕೇಳಿದವರು ತಾಳ ಬಹಳ ಚೆನ್ನಾಗಿದೆ ಎಂದರು. ಮಾವ ಮಾತ್ರ ಒಂದು ಹಾಡನ್ನೂ ಕೇಳಲಿಲ್ಲ. ಮಂಜನಿಗೆ ಅದೇ ಸಂಕಟ.

ಬೆಂಗಳೂರಿನ ಸಂಗೀತದ ಮ್ಯಾಗಜೀನೊಂದಕ್ಕೆ ಪೂರ್ತಿ ಪುಟದ ಜಾಹೀರಾತು ಮಾಡಿಕೊಡು ಅಂದ. ನಾನು ಹುರುಪಿನಿಂದ ಸೂರ್ಯಕಿರಣ ಹರಿಸಿ, ಬಂಧುಬಳಗವನ್ನೆಲ್ಲ ಕೂರಿಸಿದೆ.

"ಲೇ, ಇದು ಆಲ್ಬಮ್ಮೋ ಪಂಚಾಯ್ತಿ ಎಲೆಕ್ಷನ್ನೋ?" ಎಂದು ಮಂಜ ತಲೆ ಚಚ್ಚಿಕೊಂಡ. "ಎಲ್ಲಾ ಕಿತ್ತಾಕು ಗುರು. ಕಪ್ಪು ಪುಟ, ನಡುವೆ ನನ್ ಮುಖ, ಕೆಳಗೆ ಆಲ್ಬಮ್ ಹೆಸರು. ಅಷ್ಟೇ."

ಹೊಟ್ಟೆ ಉರಿದರೂ ಕಿತ್ತುಹಾಕಿದೆ. ಅಷ್ಟರಲ್ಲಿ ಮಗನನ್ನು ಊಟಕ್ಕೆ ಕರೆಯಲು ಬಂದ ಮಾವ ಸ್ಕ್ರೀನ್ ನೋಡಿದರು. ನೋಡಿದವರೇ ಕುರ್ಚಿ ಹಿಡಿದುಕೊಂಡರು.

"ಬದುಕಿರೋ ಮಗನ್ನ ಸಾಯಿಸ್ಬಿಟ್ರಲ್ರೋ!"

"ಬೆಂಗ್ಳೂರಲ್ಲಿ ಇದೇ ಸ್ಟೈಲು ಕಣಪ್ಪಾ," ಅಂದ ಮಂಜ. ಮಾವ ಕೇಳಲಿಲ್ಲ, ಇವನು ಕಪ್ಪು ಬಿಡಲಿಲ್ಲ. ಸಂಜೆಯೊಳಗೆ ಪುಟ ಕಳಿಸಬೇಕಿತ್ತು. ಇಬ್ಬರೂ ಕೂಗಾಡಿ ಸುಸ್ತಾದ ಮೇಲೆ ಮಾವ ನನ್ನ ಕಡೆ ತಿರುಗಿ ದನಿ ತಗ್ಗಿಸಿದರು.

"ಕಪ್ಪೇ ಬೇಕಂದ್ರೆ ಇರ್ಲಿ ಕಣಪ್ಪ. ಇವನ ಮುಖ ಬೇಡ, ನಂದು ಹಾಕು. ಏನಾದ್ರೂ ಆಗೋದಿದ್ರೆ ನಂಗೇ ಆಗ್ಲಿ."

ಮಂಜ ತಾನೇ ಮೌಸ್ ಎಳೆದುಕೊಂಡು ತನ್ನ ಮುಖ ಅಳಿಸಿದ. ಮಗ್ಗದ ಮುಂದೆ ಮಾವನನ್ನು ನಿಲ್ಲಿಸಿ ಫೋಟೋ ತೆಗೆದೆ. ನಗಿ ಎಂದು ಎಷ್ಟು ಬೇಡಿದರೂ ನಗಲಿಲ್ಲ.

ಪುಟ ಅಚ್ಚಾಯಿತು. ಮಂಜನ ತಂಗಿ ಅದನ್ನು ನೆಂಟರ ವಾಟ್ಸಾಪ್ ಗುಂಪಿಗೆ ಹಾಕಿದಳು. ನೆಂಟರೆಲ್ಲ ನನ್ನ ಫ್ಲೆಕ್ಸ್ ನೋಡಿಯೇ ಪಳಗಿದವರು, ಕೆಳಗೆ ಇಂಗ್ಲಿಷಿನಲ್ಲಿದ್ದ ಆಲ್ಬಮ್ ಹೆಸರು ಓದುವ ಗೋಜಿಗೆ ಯಾರು ಹೋಗುತ್ತಾರೆ? ದೊಡ್ಡಬೆಳವಂಗಲದಿಂದ ಅಳುತ್ತಾ ಫೋನು ಬಂತು. ರಾಜಘಟ್ಟದಿಂದ ಮಾವನ ಭಾವಮೈದುನ ಹಾರ ಹಿಡಿದು ಬಂದೇಬಿಟ್ಟ. ಬಾಗಿಲು ತೆಗೆದದ್ದು ಮಾವನೇ.

ಆಮೇಲೆ ಬಂದ ಫೋನನ್ನೆಲ್ಲ ಮಾವನೇ ಎತ್ತತೊಡಗಿದರು. "ಹೂಂ, ನಾನೇ ರಂಗಪ್ಪ. ಇನ್ನೂ ಹೋಗಿಲ್ಲ. ಫೋನ್ ಇಡ್ಬೇಡ, ನನ್ ಮಗನ ಹಾಡು ಕೇಳಿಸ್ತೀನಿ ತಡಿ." ಅತ್ತ ಕಡೆಯವರಿಗೆ ಸರಿಯಾಗಿ ಕೇಳಲೆಂದು ಮಗ್ಗ ನಿಲ್ಲಿಸಿದರು. ಸದ್ದು ನಿಂತದ್ದಕ್ಕೆ ಕರೆಂಟ್ ಹೋಯಿತೆಂದು ಓಡಿಬಂದ ಮಂಜ ಬಾಗಿಲಲ್ಲೇ ನಿಂತುಬಿಟ್ಟ.

ಇದನ್ನೆಲ್ಲ ನೆನೆಯುತ್ತ ಕೂತಿರುವಾಗಲೇ ಅಂಗಡಿಯ ಮೆಟ್ಟಿಲ ಮೇಲೆ ಚಪ್ಪಲಿ ಸದ್ದಾಯಿತು. ರಂಗಪ್ಪ ಮಾವ! ಮೀಸೆಗೆ ಆಗಷ್ಟೇ ಬಣ್ಣ ಬಿದ್ದಿತ್ತು.

"ಮಂಜ ಎರಡನೇ ಆಲ್ಬಮ್ ಮಾಡ್ತಾವ್ನೆ. ಕಪ್ಪೇ ಇರ್ಲಿ ಕಣಪ್ಪ," ಎಂದು ಸ್ಟೂಲ್ ಎಳೆದು ಕೂತರು. "ಈ ಸಲ ನಗ್ತೀನಿ."