ದೊಡ್ಡ ಬಾಗಿಲಿನ ಎಡಬಲ

ಸಂತೆಕಲ್ಲೂರಿನಾಚೆಯ ದೇಸಾಯರ ವಾಡೆಯೊಳಗೆ ಪೀರಮ್ಮನನ್ನು ಕಣ್ಣಿಗೆ ಬಟ್ಟೆ ಕಟ್ಟಿ ಬಿಟ್ಟರೂ ನಡೆದಾಳು ಎಂದು ಊರೇ ಹೇಳುತ್ತಿತ್ತು. ಸುಳ್ಳಲ್ಲ. ತಾಯಿಯ ಸೆರಗು ಹಿಡಿದು ಬಂದವಳು ನೆಲ ಸಾರಿಸಿ, ಕಾಳು ಕೇರಿ, ಅಲ್ಲೇ ತಲೆ ಬೆಳ್ಳಗೆ ಮಾಡಿಕೊಂಡಿದ್ದಳು. ವಾಡೆಯೂ ಅಂಥಿಂಥದ್ದಲ್ಲ. ಗೋಡೆಯೊಳಗೇ ಮೆಟ್ಟಿಲು, ತೇಗದ ಕಂಬಗಳ ಪಡಸಾಲೆ, ಆನೆ ಹಾಯುವಂಥ ದೊಡ್ಡ ಬಾಗಿಲು.

ಮನೆಯ ಸೊಸೆ ಅನುಪಮಾ ಈಗ ಅದನ್ನು ರಿಪೇರಿ ಮಾಡಿಸಿ, ನೋಡಬಂದವರಿಗೆ ತೆರೆದಿದ್ದಳು.

"ತೋರಿಸಾಕ ನೀನ ಬೇಕು ಪೀರಮ್ಮ. ಇವತ್ತು ಚೊಲೊ ಆದ್ರ ನಾಳಿಂದ ಇದ ನಿನ್ನ ಕೆಲಸ."

ಹೊಲದಲ್ಲಿ ಬಗ್ಗಿ ಕಳೆ ತೆಗೆಯಲು ಮೊಣಕಾಲು ಒಲ್ಲೆನ್ನುತ್ತಿದ್ದ ಪೀರಮ್ಮನಿಗೆ ರೊಟ್ಟಿ ಜಾರಿ ತುಪ್ಪಕ್ಕೆ ಬಿದ್ದಂತಾಯಿತು.

ಮಸ್ಕಿಯಿಂದ ಮಂದಿ ಬಂದರು. ಪೀರಮ್ಮ ಅವರನ್ನು ಕರೆದುಕೊಂಡು ದೊಡ್ಡ ಬಾಗಿಲು ದಾಟಿ ನಡು ಅಂಗಳಕ್ಕೆ ಬಂದಳು, ಅಷ್ಟೇ, ದಿಕ್ಕು ತಪ್ಪಿತು. "ಇದು ಅಡಗಿ ಮನಿರೀ" ಎಂದು ಎಡಕ್ಕೆ ಹೋದರೆ ದೇಸಾಯರ ಕಚೇರಿ! "ದೇವರ ಮನಿ" ಎಂದು ಬಲಗಡೆ ಕದ ತೆಗೆದರೆ ಬಚ್ಚಲು. ಬಂದವರು ಮುಸಿಮುಸಿ ನಕ್ಕರು. ವಾಡೆಯೇನು ಮಗ್ಗುಲು ಬದಲಿಸಿ ಮಲಗಿತೇ? ಕೆಲಸ ಹೋಯಿತು ಎಂದುಕೊಂಡು ಪೀರಮ್ಮ ಕಂಗಾಲಾದಳು.

ಬಂದ ದಾರಿಗೆ ಸುಂಕವಿಲ್ಲವೆಂದು ಹೊರಟುಬಿಡಲು ತಿರುಗಿ ನಿಂತಳು. ತಿರುಗಿದ್ದೇ ತಡ, ಅಡುಗೆಮನೆ ಎಡಕ್ಕೆ, ಕಚೇರಿ ಬಲಕ್ಕೆ, ಎಲ್ಲ ಇದ್ದಲ್ಲೇ ಇದ್ದವು. ಮುಖ ಹೊರಳಿಸಿದರೆ ಮತ್ತೆ ಕಲಸಿಹೋದೀತೆಂದು ಹೆದರಿ, ದೊಡ್ಡ ಬಾಗಿಲನ್ನೇ ನೋಡುತ್ತ ಹಿಂದಕ್ಕೆ ಹೆಜ್ಜೆಯಿಡುತ್ತ ಪೂರ್ತಿ ವಾಡೆ ತೋರಿಸಿದಳು.

"ಒಡೇರಿಗೆ ಬೆನ್ನು ತೋರಿಸಬಾರದಂತ ಹಿಂದಕ ಆಳುಮಕ್ಕಳು ಹಿಂಗ ನಡೀತಿದ್ರು, ನೋಡ್ರಿ!" ಎಂದು ಒಬ್ಬರು ಫೋಟೊ ಹೊಡೆದುಕೊಂಡರು.

ಅವರು ಹೋದ ಮೇಲೆ ಅನುಪಮಾ ಹಿಗ್ಗಿನಿಂದ ಕೇಳಿದಳು: "ಆ ರಿವಾಜು ನಿನಗ ಯಾರು ಕಲಿಸಿದ್ರು?"

ಪೀರಮ್ಮ ಕಕ್ಕಾಬಿಕ್ಕಿಯಾದಳು. "ಯಾ ರಿವಾಜರೀ ಅವ್ವಾರ? ನಮ್ಮವ್ವ, ನಾನು, ಹಿತ್ತಲ ಬಾಗಲಾಗಿಂದನ ಬಂದೇವಿ. ಈ ಬಾಗಲ ನಮ್ಮವರು ದಾಟಂಗಿರ್ಲಿಲ್ಲ. ಇವತ್ತ ಮೊದಲ ಸಲ ದಾಟೀನಿ. ಈ ಕಡಿಂದ ಬಂದ್ರ ಎಲ್ಲಾ ತಿರುವುಮುರುವು, ಎಡ ಯಾವುದು, ಬಲ ಯಾವುದು, ಒಂದೂ ತಿಳೀವಲ್ದು."

ಅನುಪಮಾಳ ಮುಖ ಸಣ್ಣದಾಯಿತು. ಹೇಳಿದಳು: "ಕೆಲಸ ನಿಂದ. ನಾಳಿಂದ ಮಂದೀನ ಹಿತ್ತಲಾಗಿಂದನ ಕರಕೊಂಡು ಬಾ. ನಿನಗ ಸಲೀಸು."

"ಬ್ಯಾಡ್ರೀ," ಎಂದಳು ಪೀರಮ್ಮ. "ಇದರಾಗ ಬಂದೀನಲ್ಲ, ಇದರಾಗನ ಬರ್ತೀನಿ. ಎಡಬಲ ಹೊಸದಾಗಿ ಕಲೀತೀನಿ."