ಕನ್ನಡ ಮಾತಾಡಲು ಬಿಟ್ಟ ಇಂಗ್ಲಿಷ್ ಕ್ಲಾಸು

ನಿನ್ನೆ ಸಂಜೆ ಚಿತ್ತಾಪುರದ ಬಸ್‌ಸ್ಟ್ಯಾಂಡಿನ ಎದುರಿನ ಗಾಡಿಯಲ್ಲಿ ಮಿರ್ಚಿ ಭಜಿ ಕಟ್ಟಿಸಿಕೊಂಡು ಬಂದೆ. ಮನೆಯಲ್ಲಿ ಬಿಚ್ಚಿದರೆ, ಎಣ್ಣೆ ಕುಡಿದು ಗಾಜಿನಂತಾಗಿದ್ದ ಕಾಗದದೊಳಗಿಂದ ಟೈ ಕಟ್ಟಿದ ಯುವಕನೊಬ್ಬ ನಗುತ್ತಿದ್ದ. ಅವನ ತಲೆಯ ಮೇಲೆ ‘ಮೂವತ್ತೇ ದಿನಗಳಲ್ಲಿ ಪಟಪಟ ಇಂಗ್ಲಿಷ್’ ಎಂದು ದಪ್ಪಕ್ಷರದಲ್ಲಿ ಅಚ್ಚಾಗಿತ್ತು. ಅದರ ಮೇಲೆ ಕೂತಿದ್ದ ಭಜಿಯನ್ನು ಎತ್ತಿ ಬಾಯಿಗಿಟ್ಟುಕೊಳ್ಳುತ್ತಾ ನಾನೂ ನಕ್ಕೆ. ನೀವು ನಗಬೇಡಿ. ಇಂಥದೇ ಒಂದು ಕಾಗದವನ್ನು ನಂಬಿ ನಲವತ್ತಾರನೆಯ ವಯಸ್ಸಿನಲ್ಲಿ ಹೊಸ ನೋಟ್‌ಬುಕ್ಕಿಗೆ ಬೈಂಡು ಹಾಕಿಕೊಂಡು ಹೊರಟವಳು ನಾನು.

ಎರಡು ವರ್ಷದ ಹಿಂದಿನ ಮಾತು. ಚಿತ್ತಾಪುರದ ಹತ್ತಿರದ ಒಂದು ಹಳ್ಳಿಯ ಸರ್ಕಾರಿ ಶಾಲೆಯಲ್ಲಿ ನಾನು ಟೀಚರು. ಇಪ್ಪತ್ತೆರಡು ವರ್ಷ ಕನ್ನಡದಲ್ಲೇ ಕಲಿಸಿದವಳು. ಜೂನಿನಲ್ಲಿ ಶಾಲೆ ತೆರೆದ ದಿನ ನಮ್ಮ ಹೆಡ್‌ಮಾಸ್ತರು ಶರಣಪ್ಪ ಸರ್ ಚಹಾ ಕುಡಿಯುತ್ತಾ ಒಂದನೆಯ ತರಗತಿಯ ಮಾತು ತೆಗೆದು ನಿರಾಳವಾಗಿ ಹೇಳಿದರು.

“ಟೀಚರ್, ಈ ವರ್ಷ ಒಂದನೆತ್ತೆಕ್ಕ ಇಂಗ್ಲಿಷ್ ಮೀಡಿಯಂ ಬಂದದರಿ. ಅದು ನಿಮ್ಗೇ.”

“ಸರ್, ನಂಗ ಇಂಗ್ಲಿಷ್ ಓದ್ಲಿಕ್ಕಿ ಬರ್ತದ. ಮಾತಾಡ್ಲಿಕ್ಕಿ ಬರಂಗಿಲ್ರಿ.”

“ಒಂದನೆತ್ತೆ ಹುಡುಗ್ರಿಗಿ ಬರ್ತದೇನ್ರಿ? ಇಬ್ರೂ ಕೂಡಿ ಕಲೀರಿ. ಫಿಕರ್ ಮಾಡಬ್ಯಾಡ್ರಿ.”

ನನ್ನ ಇಂಗ್ಲಿಷಿನ ಸ್ಥಿತಿಯನ್ನು ನಿಮಗೆ ಮುಚ್ಚಿಡದೆ ಹೇಳಬೇಕು. ವ್ಯಾಕರಣ ಬರುತ್ತಿತ್ತು. ಯಾವ ವಾಕ್ಯ ಕೊಟ್ಟರೂ ತಿರುವಿ ಹಾಕಿ ಕರ್ಮಣಿ ಪ್ರಯೋಗ ಮಾಡಿಕೊಡುತ್ತಿದ್ದೆ. ಆದರೆ ಯಾರಾದರೂ ಎದುರಿಗೆ ನಿಂತು ‘ಹೌ ಆರ್ ಯು’ ಎಂದರೆ, ಇದು ಯಾವ ಕಾಲ, ಉತ್ತರ ಯಾವ ಕಾಲದಲ್ಲಿ ಕೊಡಬೇಕು ಎಂದು ಯೋಚಿಸುವಷ್ಟರಲ್ಲಿ ಕೇಳಿದವರು ಊರು ದಾಟಿರುತ್ತಿದ್ದರು.

ಮೊದಲು ನಮ್ಮ ಯಜಮಾನರು ಮೊಬೈಲಿನಲ್ಲಿ ಒಂದು ಆ್ಯಪ್ ಹಾಕಿಕೊಟ್ಟರು. ಅದಕ್ಕೆ ನಾವು ಮಾತಾಡಿ ಕೇಳಿಸಬೇಕು, ಅದು ತಾನು ಕೇಳಿಸಿಕೊಂಡದ್ದನ್ನು ಬರೆದು ತೋರಿಸುತ್ತದೆ. ನಾನು ಗಂಟಲು ಸರಿಮಾಡಿಕೊಂಡು ‘ಐ ಗೋ ಟು ಇಸ್ಕೂಲ್’ ಎಂದೆ. ಅದು ‘ಎ ಗೋಟ್ ಈಸ್ ಕೂಲ್’ ಎಂದು ಬರೆಯಿತು. ಆಡು ತಂಪಾಗಿದೆ! ಮೂರು ಸಲ ಹೇಳಿದೆ, ಮೂರು ಸಲವೂ ಆಡು ತಂಪಾಗಿಯೇ ಇತ್ತು. ನಾಲ್ಕನೆಯ ಸಲ ಕೂಗಿ ಹೇಳಿದಾಗ ಒಳಗಿನಿಂದ ಅತ್ತೆಯವರು, “ಯಾರ ಜೋಡಿ ಜಗಳಾ ಆಡ್ಲಿಕತ್ತೀ ಯವ್ವಾ?” ಎಂದು ಕೇಳಿದರು. ಅಲ್ಲಿಗೆ ಆ್ಯಪಿನ ವಿದ್ಯಾಭ್ಯಾಸ ಮುಗಿಯಿತು.

ಆಮೇಲೆ, ಅಂಥದೇ ಒಂದು ಜಾಹೀರಾತಿನ ಕಾಗದ ನಂಬಿ ಸೇರಿದ ಸೇಡಂನ ಕ್ಲಾಸು. ಶನಿವಾರ ನಮಗೆ ಬೆಳಗಿನ ಶಾಲೆ, ಮಧ್ಯಾಹ್ನ ಬಸ್ಸು ಹತ್ತಿದರೆ ಎರಡೂವರೆಗೆ ಅಲ್ಲಿರಬಹುದು. ಬಟ್ಟೆ ಅಂಗಡಿಯ ಮೇಲಿನ ಮಹಡಿಯಲ್ಲಿ ಒಂದು ಕೋಣೆ, ಬಾಗಿಲಿಗೆ ‘ಇಲ್ಲಿ ಇಂಗ್ಲಿಷ್ ಮಾತ್ರ’ ಎಂಬ ಬೋರ್ಡು. ಬೋರ್ಡು ಮಾತ್ರ ಕನ್ನಡದಲ್ಲಿತ್ತು. ಉಳಿದವರೆಲ್ಲ ಇಂಟರ್‌ವ್ಯೂಗೆ ತಯಾರಾಗುತ್ತಿದ್ದ ಇಪ್ಪತ್ತರ ಹರೆಯದವರು. ಕಲಿಸುವವರೂ ಚಿಕ್ಕವರೇ, ಒಳ್ಳೆಯ ಉತ್ಸಾಹಿ. ಐದು ವರ್ಷದ ನಂತರ ನಿಮ್ಮನ್ನು ನೀವು ಎಲ್ಲಿ ಕಾಣುತ್ತೀರಿ ಎಂದು ಎಲ್ಲರನ್ನೂ ಕೇಳುತ್ತಾ ಬಂದು ನನ್ನೆದುರು ನಿಂತರು. ಅದೇ ಶಾಲೆಯಲ್ಲಿ, ಕಾಲು ಅಲ್ಲಾಡುವ ಅದೇ ಕುರ್ಚಿಯಲ್ಲಿ ಎಂಬುದು ನನ್ನ ಪ್ರಾಮಾಣಿಕ ಉತ್ತರ. ಆದರೆ ‘ಅಲ್ಲಾಡುವ’ ಎನ್ನುವುದಕ್ಕೆ ಇಂಗ್ಲಿಷ್ ಹೊಳೆಯದೆ ‘ಸೇಮ್, ಸೇಮ್’ ಎಂದು ಕುಳಿತೆ.

ಆದರೂ ಆ ಬೋರ್ಡು ನನ್ನ ಮನಸ್ಸಿಗೆ ಹಿಡಿಸಿತು. ಹೀಗೆ ಬಿಗಿ ಮಾಡಿದರೇ ಭಾಷೆ ಬರುವುದು ಎಂದುಕೊಂಡು ಮರುವಾರ ನನ್ನ ಕ್ಲಾಸಿನಲ್ಲೂ ಅದೇ ಕಾನೂನು ತಂದೆ. ಇನ್ನು ಮುಂದೆ ಇಲ್ಲಿ ಕನ್ನಡ ಬಂದ್ ಎಂದು ಮಕ್ಕಳಿಗೆ ಸಾರಿದೆ, ಕನ್ನಡದಲ್ಲಿ.

ಆ ಕ್ಲಾಸಿನಲ್ಲಿ ರೇಣುಕಾ ಎಂಬ ಹುಡುಗಿ ಇದ್ದಳು. ಎಣ್ಣೆ ಹಚ್ಚಿ ಬಿಗಿಯಾಗಿ ಹಾಕಿದ ಎರಡು ಜಡೆ, ಬಾಯಿ ತೆರೆದರೆ ನಿಲ್ಲದ ಮಾತು. ಕಾನೂನು ಬಂದ ದಿನದಿಂದ ಅವಳು ಸುಮ್ಮನಾಗಿದ್ದಳು. ಶಿಸ್ತು ಬಂತು ಎಂದು ನಾನು ಹಿಗ್ಗಿದೆ. ಗುರುವಾರ ಅವಳು ಬಂದು ನನ್ನ ಸೆರಗು ಜಗ್ಗಿದಳು. ಬಾಯಿ ತೆರೆದಳು, ಮುಚ್ಚಿದಳು. ನಾನು ನಗುತ್ತಾ, “ಇಂಗ್ಲಿಷ್, ಇಂಗ್ಲಿಷ್” ಎಂದೆ. ಅವಳು ಮತ್ತೆ ಬಾಯಿ ತೆರೆದಳು. ಅಷ್ಟರಲ್ಲಿ ಅವಳ ಲಂಗ ಒದ್ದೆಯಾಗಿ ಕಾಲಿನಿಂದ ನೆಲಕ್ಕೆ ನೀರಿಳಿಯಿತು. ಉಳಿದ ಮಕ್ಕಳು ನಕ್ಕರು. ಅವಳು ಅಳಲಿಲ್ಲ, ನನ್ನ ಮುಖವನ್ನೇ ನೋಡುತ್ತಾ ನಿಂತಳು. ತೊಳೆದು, ಬಟ್ಟೆ ಬದಲಿಸಿ ಕೂರಿಸಿದೆ. ನಾಚಿಕೆಗೇಡಿನ ಮಾತೆಂದರೆ, ಆಗಲೂ ನನಗೆ ಹೊಳೆದದ್ದು ಹೊರಗೆ ಹೋಗಲು ಕೇಳುವ ಇಂಗ್ಲಿಷ್ ವಾಕ್ಯವನ್ನು ಇವರಿಗೆ ಮೊದಲೇ ಕಲಿಸಬೇಕಿತ್ತು ಎಂದಷ್ಟೇ.

ಎರಡು ದಿನಕ್ಕೆ ಶನಿವಾರ ಬಂತು. ಸೇಡಂನ ಕ್ಲಾಸು ಅಂದು ಮುಗಿಯಲೇ ಒಲ್ಲದು. ನನ್ನ ಬಸ್ಸು ಐದಕ್ಕೆ. ಗಡಿಯಾರದಲ್ಲಿ ನಾಲ್ಕೂ ಮುಕ್ಕಾಲು. ‘ಸರ್, ನನ್ನ ಬಸ್ಸು ಹೋಗ್ತದ, ಎದ್ದು ಹೋಗ್ಲೇನ್ರಿ’ ಎಂಬುದಷ್ಟೇ ನಾನು ಹೇಳಬೇಕಾದದ್ದು. ಬಸ್ಸು ಹೋಗುತ್ತದೆಯೋ, ಹೋಗುತ್ತಿದೆಯೋ, ಹೋಗಲಿದೆಯೋ? ಎದ್ದು ನಿಂತೆ. ಎಲ್ಲರೂ ತಿರುಗಿ ನೋಡಿದರು. “ಯೆಸ್ ಮೇಡಂ?” ಎಂದರು ಸರ್. ನಾನು ಬಾಯಿ ತೆರೆದೆ, ಮುಚ್ಚಿದೆ. ಕುಳಿತೆ. ಐದಕ್ಕೆ ಸರಿಯಾಗಿ ಕೆಳಗೆ ರಸ್ತೆಯಲ್ಲಿ ನನ್ನ ಬಸ್ಸು ಹಾರ್ನ್ ಹಾಕುತ್ತಾ ಹೋದದ್ದು ಕೇಳಿಸಿತು.

ಆಗ ರೇಣುಕಾಳ ಮುಖ ಕಣ್ಣೆದುರು ಬಂತು ನೋಡಿ.

ಸ್ಟೇಷನ್ನಿಗೆ ನಡೆದು ಹೋಗಿ ಪ್ಯಾಸೆಂಜರ್ ರೈಲಿಗೆ ಕಾಯುತ್ತಾ ಕುಳಿತೆ. ಬೆಂಚಿನ ಮೇಲೆ ಪಕ್ಕದಲ್ಲಿ ಇಳಕಲ್ ಸೀರೆಯ ಹೆಂಗಸೊಬ್ಬರು, ಎಪ್ಪತ್ತರ ಹತ್ತಿರದವರು, ಬದನೆಕಾಯಿಯ ಚೀಲ ಹಿಡಿದು ಕೂತಿದ್ದರು. ಸ್ಪೀಕರಿನಲ್ಲಿ ಇಂಗ್ಲಿಷ್ ಪ್ರಕಟಣೆ ಶುರುವಾಯಿತು. ಈ ಹೆಂಗಸು ಸ್ಪೀಕರಿಗಿಂತ ಒಂದು ಶಬ್ದ ಮುಂದೆ, ಅದೇ ಇಂಗ್ಲಿಷನ್ನು ತಾವೇ ಹೇಳತೊಡಗಿದರು. ನಾನು ಬಿಟ್ಟ ಕಣ್ಣಿನಿಂದ ನೋಡಿದೆ.

“ಯಾಕ ಹಂಗ ನೋಡ್ತಿ ತಂಗಿ? ವಾಡಿ ಸ್ಟೇಷನ್ನಿನಾಗ ಇಪ್ಪತ್ತೊಂಬತ್ತು ವರ್ಷ ಮೈಕ್ ಹಿಡದೀನಿ. ಬಾಯಿ ತಾನೇ ಓಡ್ತದ.”

ಹೆಸರು ಸುಶೀಲಾಬಾಯಿ. ಗಂಡ ರೈಲ್ವೆಯಲ್ಲಿದ್ದಾಗಲೇ ತೀರಿಕೊಂಡು, ಮೂವತ್ತರ ವಯಸ್ಸಿನಲ್ಲಿ ಅವರಿಗೆ ನೌಕರಿ ಸಿಕ್ಕಿತಂತೆ. ಮೊದಲ ದಿನ ಎಂಟು ಇಂಗ್ಲಿಷ್ ವಾಕ್ಯಗಳನ್ನು ಕನ್ನಡ ಅಕ್ಷರದಲ್ಲಿ ಬರೆದುಕೊಂಡು ಮೈಕಿನ ಮುಂದೆ ಕುಳಿತವರು. ರೈಲು ಬರುವಷ್ಟರಲ್ಲಿ ನಾನು ಬೋರ್ಡು, ಬಸ್ಸು, ರೇಣುಕಾ ಎಲ್ಲವನ್ನೂ ಅವರಿಗೆ ಹೇಳಿಬಿಟ್ಟಿದ್ದೆ. ಆ ವಾರವೆಲ್ಲ ನಾನು ಅಷ್ಟೊಂದು ಕನ್ನಡ ಮಾತಾಡಿರಲಿಲ್ಲ.

ಅವರು ಕೇಳಿಸಿಕೊಂಡು, “ಈಗ ಹೇಳಿದ್ಯಲ್ಲ, ಬಸ್ ಹೋಗ್ತದ ಅಂತ, ಅದೊಂದೇ ಮಾತು ಇಂಗ್ಲಿಷಿನಾಗ ಮಾಡಮು ಬಾ” ಎಂದರು. ಚಿತ್ತಾಪುರ ಬರುವವರೆಗೂ ನಾವಿಬ್ಬರೂ ಆ ಒಂದೇ ವಾಕ್ಯ ಹೇಳುತ್ತಾ ಹೋದೆವು. ಎದುರು ಸೀಟಿನವರಿಗೂ ಅದು ಬಾಯಿಪಾಠವಾಯಿತು.

“ಅಕ್ಕಾ, ಐತವಾರಕ್ಕ ವಾಡಿಗಿ ನಿಮ್ಮ ಮನಿಗಿ ಬರ್ಲೇನ್ರಿ?” ಎಂದೆ, ಇಳಿಯುವ ಮೊದಲು. ಭಾನುವಾರ ನನಗೆ ರಜೆ.

“ಬಾ. ಆದ್ರ ವಾರದಾಗ ಏನ್ ಹೇಳ್ಬೇಕಂದು ಹೇಳ್ಲಿಕ್ಕಿ ಆಗಿಲ್ಲ, ಅದನ್ನ ಕನ್ನಡದಾಗ ಬರ್ಕೊಂಡು ಬಾ. ಖಾಲಿ ಕೈಲಿ ಬಂದ್ರ ಚಾ ಕುಡ್ಸಿ ಕಳಿಸ್ತೀನಿ.”

ಸೋಮವಾರ ಕ್ಲಾಸಿಗೆ ಹೋದವಳೇ ರೇಣುಕಾಳ ಮುಂದೆ ಕುಕ್ಕರಗಾಲಿನಲ್ಲಿ ಕುಳಿತೆ. “ತಪ್ಪು ನಂದದವ್ವ. ಹೊರಗ ಹೋಗ್ಬೇಕಾದ್ರ ಯಾವ ಭಾಷೆದಾಗ ಬೇಕಾದ್ರೂ ಕೇಳು. ಇಲ್ಲಾ, ಕೇಳ್ಬ್ಯಾಡ, ಸುಮ್ನ ಓಡು.” ನಂಬಬೇಕೋ ಬೇಡವೋ ಎಂದು ಪರೀಕ್ಷೆ ಮಾಡಲು ಅವಳು ಆ ದಿನ ನಾಲ್ಕು ಸಲ ಓಡಿದಳು. ಐದನೆಯ ಸಲ ಬಾಗಿಲಿನಿಂದ ತಿರುಗಿ ಬಂದು, ತನ್ನ ಮನೆಯ ಬೆಕ್ಕು ಮರಿ ಹಾಕಿದ ಕಥೆಯನ್ನು ಅಚ್ಚಕನ್ನಡದಲ್ಲಿ ಹೇಳಲು ನಿಂತಳು. ಬೆಕ್ಕು, ಮರಿ, ಬುಟ್ಟಿ, ಹಾಲು ಎಂದು ಬೋರ್ಡಿನ ಮೇಲೆ ಅವಳದೇ ಕಥೆಯ ಶಬ್ದಗಳನ್ನು ಇಂಗ್ಲಿಷಿನಲ್ಲಿ ಬರೆದೆ. ಅಂದು ನಲವತ್ತು ನಿಮಿಷ ಯಾರೂ ಗಂಟೆಗೆ ಕಿವಿಗೊಡಲಿಲ್ಲ.

ಸುಶೀಲಕ್ಕನ ಕ್ಲಾಸಿನಿಂದ ಅಡ್ಡಪರಿಣಾಮಗಳೂ ಆದವು, ಅದನ್ನೂ ಹೇಳಿಬಿಡುತ್ತೇನೆ. ಅವರ ಇಂಗ್ಲಿಷಿಗೆ ರೈಲಿನ ವಾಸನೆ. ಒಂದು ಸಂಜೆ ನಮ್ಮ ಯಜಮಾನರು ಊಟಕ್ಕೆ ಅವಸರ ಮಾಡಿದಾಗ, ರೊಟ್ಟಿ ಇಪ್ಪತ್ತು ನಿಮಿಷ ತಡವಾಗಿ ಓಡುತ್ತಿದೆ, ಉಂಟಾದ ಅನಾನುಕೂಲಕ್ಕೆ ವಿಷಾದಿಸುತ್ತೇವೆ ಎಂದು ಒಂದೇ ಉಸಿರಿಗೆ ಇಂಗ್ಲಿಷಿನಲ್ಲಿ ಹೇಳಿಬಿಟ್ಟೆ. ಅವರು ತಟ್ಟೆ ಹಿಡಿದವರು ಹಿಡಿದ ಹಾಗೆಯೇ ನಿಂತರು.

ಆ ವರ್ಷದ ಕೊನೆಗೆ ಹೊರ ರಾಜ್ಯದ ಕಡೆಯ ಒಬ್ಬ ಅಧಿಕಾರಿ ಶಾಲೆ ನೋಡಲು ಬಂದರು. ಕ್ಲಾಸಿಗೆ ಬಂದವರೇ ಇಂಗ್ಲಿಷಿನಲ್ಲಿ ಏನನ್ನೋ ಸರಸರನೆ ಕೇಳಿದರು. ಒಂದಕ್ಷರವೂ ತಲೆಗೆ ಹೋಗಲಿಲ್ಲ. ಶರಣಪ್ಪ ಸರ್ ಬಾಗಿಲಲ್ಲಿ ಬೆವರುತ್ತಿದ್ದರು. ನಾನು, “ಸರ್, ಐ ಡಿಡ್ ನಾಟ್ ಫಾಲೋ. ಪ್ಲೀಸ್ ಸೇ ಅಗೇನ್, ಸ್ಲೋಲಿ” ಎಂದೆ. ಅವರು ನಿಧಾನವಾಗಿ ಮತ್ತೆ ಕೇಳಿದರು. ಮಕ್ಕಳು ದಿನಾ ಬರುತ್ತಾರೆಯೇ ಎಂಬುದು ಪ್ರಶ್ನೆ. ಬರುತ್ತಾರೆ ಎಂದೆ. ಅಷ್ಟೇ, ಆಕಾಶ ಕಳಚಿ ಬೀಳಲಿಲ್ಲ. ಅವರು ಹೋದ ಮೇಲೆ ಮಕ್ಕಳು ನನ್ನನ್ನು ಹೊಸದಾಗಿ ನೋಡಿದರು. ಟೀಚರಿಗೂ ತಿಳಿಯದೆ ಹೋಗಬಹುದು, ತಿಳಿಯಲಿಲ್ಲ ಎಂದು ಹೇಳಲೂಬಹುದು!

ಈಗ ಆ ಮಕ್ಕಳು ಮೂರನೆಯ ತರಗತಿ. ನಾನಿನ್ನೂ ಭಾನುವಾರ ವಾಡಿಗೆ ಹೋಗುತ್ತೇನೆ. ಕೋರ್ಸು ಎಂದಿಗೆ ಮುಗಿಯುತ್ತದೆ ಎಂದು ನಾನೂ ಕೇಳುವುದಿಲ್ಲ, ಸುಶೀಲಕ್ಕನೂ ಹೇಳುವುದಿಲ್ಲ. ಇವತ್ತು ಬೆಳಿಗ್ಗೆ ಭಾಗಾಕಾರ ಹೇಳಿಕೊಡುತ್ತಿದ್ದೆ. ಎಷ್ಟು ಸಲ ಹೇಳಿದರೂ ಹಿಂದಿನ ಸಾಲಿನವರ ತಲೆಗೆ ಹತ್ತಲಿಲ್ಲ. ರೇಣುಕಾ ತಾನೇ ಎದ್ದು ಬಂದು ನನ್ನ ಕೈಯಿಂದ ಸುಣ್ಣದ ಕಡ್ಡಿ ತೆಗೆದುಕೊಂಡಳು. ನಾನು ಹೋಗಿ ಅವಳ ಜಾಗದಲ್ಲಿ ಕುಳಿತೆ. ಅರ್ಧ ಇಂಗ್ಲಿಷು, ಅರ್ಧ ನಮ್ಮ ಮಾತು ಸೇರಿಸಿ ಹನ್ನೆರಡು ರೊಟ್ಟಿಯನ್ನು ನಾಲ್ಕು ಮಂದಿಗೆ ಹಂಚಿ, ಕ್ಲಾಸಿನ ಕಡೆ ತಿರುಗಿದಳು. “ಎಲ್ರಿಗೂ ತಿಳೀತೋ ಇಲ್ಲೋ?”

ನನಗೆ ತಿಳಿದಿತ್ತು. ಆದರೆ ಪಕ್ಕದಲ್ಲಿ ಕೂತಿದ್ದ ಹುಡುಗಿ ಬಾಯಿ ತೆರೆದು, ಮತ್ತೆ ಮುಚ್ಚಿದ್ದನ್ನು ನೋಡಿದೆ. ಅವಳಿಗಿಂತ ಮೊದಲು ನಾನೇ ಕೈ ಎತ್ತಿ ಹೇಳಿದೆ, “ನಮಗ ತಿಳೀಲಿಲ್ರಿ ಟೀಚರ್, ಇನ್ನೊಮ್ಮೆ ಹೇಳ್ರಿ.”